ಇಂಚು, ಸೆಂಟು, ಮಿಲಿಮೀಟರ್: ಇಲ್ಮ್ ಮನೆಬಾಗಿಲಿಗೆ ಬಂದ ಚರಿತ್ರೆ

ಹತ್ತನೇ ಶತಮಾನದಲ್ಲಿ, ಇಂದಿನ ಟುನೀಶಿಯಾದ ಕೈರವಾನ್ ಪಟ್ಟಣದಲ್ಲಿ ಇಬ್ನುಲ್ ಜಝ್ಝಾರ್ ಎಂಬ ವೈದ್ಯರಿದ್ದರು. ಅವರ ‘ಝಾದುಲ್ ಮುಸಾಫಿರ್’ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಿಗೆಲ್ಲ ಅನುವಾದವಾಯಿತು. ನಮಗೆ ಹೆಚ್ಚು ಆಪ್ತವೆನಿಸುವುದು ಅವರ ಇನ್ನೊಂದು ಕಿತಾಬು, ‘ತಿಬ್ಬುಲ್ ಫುಖರಾಇ ವಲ್ ಮಸಾಕೀನ್’. ಅಂದರೆ ಬಡವರ ಮತ್ತು ನಿರ್ಗತಿಕರ ವೈದ್ಯ. ದುಬಾರಿ ಔಷಧಗಳ ಹೆಸರು ಹೇಳಿದರೆ ಬಡ ರೋಗಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ಹಾಗಾಗಿ ಸುಲಭವಾಗಿ ಸಿಗುವ, ಅಗ್ಗದ ಮದ್ದುಗಳನ್ನೇ ಅದರಲ್ಲಿ ಬರೆದರು. ಅವರಿಗಿಂತ ಮೊದಲೇ ಅಬೂಬಕರ್ ರಾಝಿಯವರು, ಹತ್ತಿರದಲ್ಲಿ ವೈದ್ಯನಿಲ್ಲದವರಿಗೆಂದೇ ಒಂದು ಪುಸ್ತಕ ಬರೆದಿದ್ದರು. ಆಸ್ಪತ್ರೆ ನಡೆಸಿದ, ಬಹುದೊಡ್ಡ ಗ್ರಂಥಗಳನ್ನು ರಚಿಸಿದ ವಿದ್ವಾಂಸ ಅವರು. ಅಡುಗೆಮನೆಯಲ್ಲಿ ಸಿಗುವ ಪದಾರ್ಥಗಳ ಬಗ್ಗೆ ಬರೆಯುವುದು ಅವರಿಗೆ ಸಣ್ಣ ಕೆಲಸ ಅನಿಸಲಿಲ್ಲ.

ಪ್ರವಾದಿಗಳು ಅವರವರ ಜನರ ಭಾಷೆಯಲ್ಲೇ ಸಂದೇಶ ತಂದರೆಂಬುದನ್ನು ಸೂರಃ ಇಬ್ರಾಹೀಮ್‌ನ ನಾಲ್ಕನೇ ಆಯತ್ ತಿಳಿಸುತ್ತದೆ. ವಿಷಯ ಸ್ಪಷ್ಟವಾಗಲಿ ಎಂಬ ಕಾರಣವೂ ಅಲ್ಲೇ ಇದೆ. ದೀನಿನ ವಿಷಯಕ್ಕೇ ಹೀಗಿದ್ದರೆ, ಪ್ರಾಣ ಉಳಿಸುವ ಲೌಕಿಕ ಜ್ಞಾನಕ್ಕೆ ಬೇರೆ ನಿಯಮ ಎಲ್ಲಿಂದ ಬಂತು?

ನಮ್ಮ ಕರಾವಳಿಯ ಕಡೆಗೆ ಬಂದರೆ ಅರಬಿ ಮಲಯಾಳ ನೆನಪಾಗುತ್ತದೆ. ಮಲಯಾಳ ಭಾಷೆ, ಅರಬಿ ಲಿಪಿ. ಮಾಲೆ ಪಾಟ್ಟುಗಳಷ್ಟೇ ಅಲ್ಲ, ವೈದ್ಯದ ಕಿತಾಬುಗಳೂ ಅದರಲ್ಲಿದ್ದವು. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಮದ್ರಸದಲ್ಲಿ ಅಕ್ಷರ ಕಲಿತಿದ್ದ ಹೆಂಗಸರಿಗೂ ಅವನ್ನು ಓದಲು ಸಾಧ್ಯವಿತ್ತು. ಅನಕ್ಷರಸ್ಥರೆಂದು ಸರಕಾರದ ಲೆಕ್ಕದಲ್ಲಿ ಬರೆಸಿಕೊಂಡ ಎಷ್ಟು ಮಂದಿ ಅಜ್ಜಿಯಂದಿರು ಹೀಗೆ ಓದುತ್ತಿದ್ದರೋ!

ಕನ್ನಡದಲ್ಲಿ ಈ ಕೆಲಸಕ್ಕೆ ನೂರು ವರ್ಷ ದಾಟಿದೆ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಅದು ಹೆಚ್ಚು ಕಾಲ ಬದುಕಲಿಲ್ಲ. ಆದರೆ ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು. ನಮ್ಮ ಘಟ್ಟದ ಕೆಳಗೆ, ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಕೂತು ಬರೆದರು. ಆಮೇಲೆ ಬಂದ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಶಾಲೆಯಲ್ಲಿ ನೋಡಿರಬಹುದು.

ಆದರೆ ಕೊಡಗಿನಲ್ಲಿ ಕನ್ನಡದಲ್ಲಿ ಹೇಳಿದರೆ ಮುಗಿಯಿತೇ? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಬೆಟ್ಟಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಅಂದಿನಿಂದ ಪ್ರತಿ ಮಳೆಗಾಲವೂ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಎಂಬ ಮಾತು ಮೊಬೈಲಿಗೆ ಬರುತ್ತಿದೆ. ಅದರ ಅರ್ಥವೇನೆಂದು ಕೇಳಿದರೆ ಹೆಚ್ಚಿನವರ ಉತ್ತರ, ‘ನಾಳೆ ಶಾಲೆಗೆ ರಜೆ’.

ನಮ್ಮಲ್ಲಿ ಮಳೆಯ ಲೆಕ್ಕ ಬಲ್ಲವರಿಲ್ಲವೆಂದಲ್ಲ. ತೋಟದ ಸಾಹುಕಾರರು ತಲೆಮಾರುಗಳಿಂದ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಒಂದು ಇಂಚಿಗೆ ನೂರು ಸೆಂಟು. ಹೂಮಳೆ ಎಷ್ಟು ಸೆಂಟು ಬಿತ್ತೆಂದು ಪಲ್ಪರ್‌ನಲ್ಲಿ ದುಡಿಯುವವನೂ ಹೇಳಬಲ್ಲ. ಹವಾಮಾನ ಇಲಾಖೆ ಮಾತ್ರ ಮಿಲಿಮೀಟರಿನಲ್ಲಿ ಮಾತಾಡುತ್ತದೆ. ನಡುವೆ ಇರುವುದು ಒಂದೇ ಒಂದು ಲೆಕ್ಕ: 25.4 ಮಿಲಿಮೀಟರ್ ಎಂದರೆ ಒಂದು ಇಂಚು. ಹಾಗೆ ನೋಡಿದರೆ 24 ಗಂಟೆಯಲ್ಲಿ ಸುಮಾರು ಎರಡೂವರೆ ಇಂಚು ದಾಟುವ ಮಳೆ ಯೆಲ್ಲೋ, ನಾಲ್ಕೂವರೆ ದಾಟಿದರೆ ಆರೆಂಜ್, ಎಂಟು ದಾಟಿದರೆ ರೆಡ್. ಇಷ್ಟು ಹೇಳಿದರೆ ತೋಟದವನಿಗೆ ಎದೆ ಧಸಕ್ಕೆನ್ನುತ್ತದೆ. 204.5 ಮಿಲಿಮೀಟರ್ ಎಂದರೆ ಏನೂ ಅನಿಸುವುದಿಲ್ಲ.

ಪಕ್ಕದ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ರೈತರಿಂದಲೇ ದಿನದಿನದ ಮಳೆ ಅಳೆಸುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದವು. ಹಿಂದಿನ ದಿನವೇ ಆ ಲೆಕ್ಕ ನೋಡಿ ಸಂಸ್ಥೆ ಎಚ್ಚರಿಸಿತ್ತು. ಜ್ಞಾನ ಇತ್ತು, ಹೊತ್ತಿಗೆ ಸರಿಯಾಗಿ ಇತ್ತು. ಅದು ಮಲಗಿದ್ದವರ ಎಲ್ಲ ಮನೆಗಳನ್ನೂ ತಲುಪಲಿಲ್ಲ. ಈ ಕೊನೆಯ ಒಂದು ಮೈಲಿಯೇ ನಮ್ಮಂಥವರ ಪಾಲಿನ ಹೊಣೆ, ವಿಜ್ಞಾನಿಗಳದ್ದಲ್ಲ ಎಂದು ನಾವು ನಂಬುತ್ತೇವೆ.

ಜುಮಾದ ದಿನ ಖುತುಬಾಕ್ಕೆ ಮೊದಲಿನ ಭಾಷಣದಲ್ಲಿ ಹೇಳಿದ್ದು ಗಂಡಸರಿಗೆ ತಲುಪುತ್ತದೆ. ಮಳೆಗಾಲದಲ್ಲಿ ಹಗಲಿಡೀ ಮನೆಯಲ್ಲಿರುವುದು ಹೆಂಗಸರು, ಮುದುಕರು, ಮಕ್ಕಳು. ಮನೆ ಹಿಂದಿನ ಬರೆಯಲ್ಲಿ ಬಿರುಕು ಬಿಟ್ಟದ್ದು, ಒರತೆಯ ನೀರು ಕೆಂಪಾದದ್ದು, ಇಲ್ಲದ ಕಡೆ ನೀರು ಒಡೆದದ್ದು, ಬಾಗಿಲು ಏಕಾಏಕಿ ಬಿಗಿಯಾದದ್ದು, ಇವೆಲ್ಲ ಮೊದಲು ಕಣ್ಣಿಗೆ ಬೀಳುವುದು ಅವರಿಗೇ. ಹಿಂದಿನ ಸಫ್ಫಿನಲ್ಲಿ ನಿಲ್ಲುವ ಅಸ್ಸಾಮಿನ ಕೂಲಿಯವರಿಗೆ ನಮ್ಮ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಅವರ ಲೈನ್‌ಮನೆ ಇರುವುದೂ ಎಷ್ಟೋ ಕಡೆ ಬರೆಯ ಬುಡದಲ್ಲೇ. ಕಿವಿ ಕೇಳದವರಿಗೆ ಮೈಕಿನಲ್ಲಿ ಕೂಗಿ ಪ್ರಯೋಜನವಿಲ್ಲ, ಓದು ಬಾರದವರಿಗೆ ನೋಟೀಸು ಹಚ್ಚಿ ಪ್ರಯೋಜನವಿಲ್ಲ.

ಆದ್ದರಿಂದ ಈ ಮಳೆಗಾಲಕ್ಕೆ ಮುಂಚೆ ಪ್ರತಿ ಜಮಾಅತ್ತಿನವರಲ್ಲಿ ನಮ್ಮ ಕೋರಿಕೆ ಇಷ್ಟು. ಮೇಲಿನ ನಾಲ್ಕು ಗುರುತುಗಳನ್ನು ಮದ್ರಸದ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಅವರು ಮನೆಗೆ ಹೋಗಿ ಉಮ್ಮನಿಗೆ ಬ್ಯಾರಿಯಲ್ಲೋ ಮಲಯಾಳದಲ್ಲೋ ಉರ್ದುವಿನಲ್ಲೋ ಕೊಡವ ತಕ್ಕಿನಲ್ಲೋ ಹೇಳಲಿ. ಅಸ್ಸಾಮಿನವರಲ್ಲಿ ಹಿಂದಿ ಬಲ್ಲ ಒಬ್ಬನನ್ನು ಗುರುತಿಸಿ, ಅವನ ಫೋನ್ ನಂಬರ್ ಕಮಿಟಿಯವರ ಬಳಿ ಇರಲಿ. ಕಿವಿ ಕೇಳದವರ ಮನೆ ಯಾವುದು, ಅವರನ್ನು ರಾತ್ರಿ ಎಬ್ಬಿಸಲು ಹೋಗುವವರು ಯಾರು ಎಂಬುದನ್ನು ಈಗಲೇ ಹೆಸರು ಹಿಡಿದು ಬರೆದಿಡಿ. ಅಕ್ಕಪಕ್ಕದ ಮನೆ ಯಾರದ್ದಾದರೂ, ಅವರು ಯಾವ ಧರ್ಮದವರಾದರೂ, ಆ ಪಟ್ಟಿಯಲ್ಲಿ ಇರಲಿ.