ದೊಡ್ಡಣ್ಣ ಹೊರಟರೆ ಐರ್ಲೆಂಡಿನ ಗತಿ?

ಯುರೋಪಿನ ಆರ್ಥಿಕ ಸಮುದಾಯ ಸೇರಲು ಐರ್ಲೆಂಡ್ ಮೊದಲ ಅರ್ಜಿ ಹಾಕಿದ್ದು 1961ರ ಜುಲೈ 31ರಂದು. ಬ್ರಿಟನ್ನಿನ ಅರ್ಜಿ ಹೋದದ್ದು ಅದಾದ ಮೇಲೆ, ಆಗಸ್ಟ್‌ನಲ್ಲಿ. ಕಾಗದದ ಮೇಲೆ ಐರ್ಲೆಂಡ್ ಮುಂದೆ. ಆದರೆ ನಿಜವಾಗಿ ಅದು ಹೊರಟಿದ್ದು ಬ್ರಿಟನ್ನಿನ ಬೆನ್ನಿಗೇ.

1922ರಲ್ಲಿ ಬ್ರಿಟಿಷರ ಆಳ್ವಿಕೆ ಕಳಚಿಕೊಂಡಿದ್ದರೂ ಈ ಪುಟ್ಟ ದೇಶ ವ್ಯಾಪಾರಕ್ಕೆ ಹಳೆಯ ಧಣಿಯ ಬಾಗಿಲಿಗೇ ಹೋಗಬೇಕಿತ್ತು. 1960ರ ಸುಮಾರಿಗೆ ಅದರ ರಫ್ತಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬ್ರಿಟನ್ನಿಗೆ. ದನ, ಮಾಂಸ, ಬೆಣ್ಣೆ ಅದರಲ್ಲಿ ಮುಖ್ಯ. ತನ್ನ ಜನರಿಗೆ ಅಗ್ಗದ ಆಹಾರ ಒದಗಿಸುವುದು ಬ್ರಿಟನ್ನಿನ ನೀತಿಯಾಗಿದ್ದರಿಂದ ಐರಿಷ್ ರೈತನಿಗೆ ದಕ್ಕುತ್ತಿದ್ದ ಬೆಲೆಯೂ ಅಷ್ಟಕ್ಕಷ್ಟೆ. 1963ರಲ್ಲಿ ಫ್ರಾನ್ಸ್ ಅಧ್ಯಕ್ಷ ಡಿಗಾಲ್ ಬ್ರಿಟನ್ನಿಗೆ ಬಾಗಿಲು ಮುಚ್ಚಿದಾಗ ಐರ್ಲೆಂಡಿನ ಅರ್ಜಿಯೂ ಮೂಲೆ ಸೇರಿತು. ಕೊನೆಗೆ ಎರಡೂ ದೇಶಗಳು, ಜತೆಗೆ ಡೆನ್ಮಾರ್ಕ್, ಒಳಬಂದದ್ದು 1973ರ ಜನವರಿ 1ರಂದು.

ಮರುವರ್ಷವೇ ತಕರಾರು ಎದ್ದಿತು. ಬ್ರಿಟನ್ನಿನಲ್ಲಿ ಅಧಿಕಾರಕ್ಕೆ ಬಂದ ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರ, ಷರತ್ತುಗಳನ್ನು ಬದಲಿಸಬೇಕೆಂದಿತು. ಉಳಿಯಬೇಕೇ ಬೇಡವೇ ಎಂದು ಜನರನ್ನೇ ಕೇಳುವುದಾಗಿಯೂ ಹೇಳಿತು. ದೊಡ್ಡಣ್ಣ ಎದ್ದು ಹೊರಟರೆ ತಾನೇನು ಮಾಡಬೇಕು? ಡಬ್ಲಿನ್ ಮೊದಲ ಬಾರಿಗೆ ಈ ಲೆಕ್ಕ ಹಾಕಬೇಕಾಯಿತು.

ಜತೆಗೇ ಹೊರಟರೆ ಹಳೆಯ ಮಾರುಕಟ್ಟೆ ಉಳಿಯುತ್ತಿತ್ತು. ಆದರೆ ಬೆಣ್ಣೆ, ಮಾಂಸಕ್ಕೆ ಸಮುದಾಯ ಕೊಡುತ್ತಿದ್ದ ಬೆಂಬಲ ಬೆಲೆ ಹೋಗುತ್ತಿತ್ತು. ಬ್ರಿಟನ್ನಿಗೆ ಸರಿಸಮನಾಗಿ ಕೂರಲು ಸಿಕ್ಕಿದ್ದ ಕುರ್ಚಿಯೂ ಹೋಗುತ್ತಿತ್ತು. ಒಂಟಿಯಾಗಿ ಉಳಿದರೆ ಅತಿ ದೊಡ್ಡ ಗಿರಾಕಿಯ ನಡುವೆ ಸುಂಕದ ಗೋಡೆ. ಅದಕ್ಕಿಂತ ಕಷ್ಟದ್ದು ಗಡಿಯ ಪ್ರಶ್ನೆ. ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡ್ ಆಗ ಬಾಂಬು, ಗುಂಡಿನ ನಡುವೆ ಬೇಯುತ್ತಿತ್ತು. ಸುಮಾರು 500 ಕಿಲೋಮೀಟರ್ ಉದ್ದದ ಆ ಗಡಿಯೇ ಸಮುದಾಯದ ಹೊರಗೋಡೆಯಾಗಿಬಿಡುತ್ತಿತ್ತು. ಇಷ್ಟನ್ನೂ ತೂಗಿ ಐರ್ಲೆಂಡ್ ಸರ್ಕಾರ ಉಳಿಯುವುದೇ ಲೇಸೆಂದು ತೀರ್ಮಾನಿಸಿತು. ವಿದೇಶಾಂಗ ಸಚಿವ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಇದರ ಪ್ರಬಲ ಸಮರ್ಥಕರು.

ವಿಚಿತ್ರವೆಂದರೆ, 1975ರ ಮೊದಲಾರ್ಧದಲ್ಲಿ ಸಮುದಾಯದ ಅಧ್ಯಕ್ಷತೆ ಐರ್ಲೆಂಡಿನ ಪಾಳಿಯಾಗಿತ್ತು. ವಿಲ್ಸನ್ ಅವರ ಷರತ್ತುಗಳ ಚೌಕಾಸಿ ಮುಗಿದದ್ದೂ ಮಾರ್ಚ್‌ನಲ್ಲಿ, ಡಬ್ಲಿನ್ನಿನಲ್ಲೇ. ಜೂನ್ 5ರಂದು ಬ್ರಿಟನ್ನಿನ ಶೇ 67ರಷ್ಟು ಮತದಾರರು ಉಳಿಯೋಣ ಎಂದರು. ಡಬ್ಲಿನ್ನಿನ ಲೆಕ್ಕ ಕಡತ ಸೇರಿತು.

ಆದರೆ ಗಂಟು ಸಡಿಲವಾಗಿತ್ತು. 1826ರಿಂದಲೂ ಐರ್ಲೆಂಡಿನ ಹಣಕ್ಕೂ ಬ್ರಿಟಿಷ್ ಪೌಂಡಿಗೂ ಒಂದೇ ಬೆಲೆ. ಭೂತಾನಿನ ಹಣ ನಮ್ಮ ರೂಪಾಯಿಗೆ ಸಮವಾಗಿದೆಯಲ್ಲ, ಹಾಗೆ. 1979ರಲ್ಲಿ ಯುರೋಪಿನ ವಿನಿಮಯ ದರ ವ್ಯವಸ್ಥೆಗೆ ಐರ್ಲೆಂಡ್ ಸೇರಿತು, ಬ್ರಿಟನ್ ಸೇರಲಿಲ್ಲ. ಮಾರ್ಚ್ 30ರಂದು ಆ ಸಮಬೆಲೆ ಮುರಿದುಬಿತ್ತು. ಬ್ರಿಟನ್ ಬಾರದ ಹಾದಿಯಲ್ಲಿ ಐರ್ಲೆಂಡ್ ಇಟ್ಟ ಮೊದಲ ದೊಡ್ಡ ಹೆಜ್ಜೆ ಇದೇ ಎನ್ನಬೇಕು.

2016ರ ಜೂನ್ 23ರಂದು ಬ್ರಿಟನ್ನಿನ ಶೇ 51.9 ಮತದಾರರು ಹೊರಡೋಣ ಎಂದಾಗ ಐರ್ಲೆಂಡ್ ಹಿಂಬಾಲಿಸುವ ಮಾತು ಡಬ್ಲಿನ್ನಿನಲ್ಲಿ ಗಂಭೀರವಾಗಿ ಏಳಲೇ ಇಲ್ಲ. ಅಷ್ಟರಲ್ಲಿ ಸರಕು ರಫ್ತಿನಲ್ಲಿ ಬ್ರಿಟನ್ನಿನ ಪಾಲು ಶೇ 15ಕ್ಕಿಂತ ಕೆಳಗಿಳಿದಿತ್ತು. ಬಗೆಹರಿಯದೆ ಉಳಿದದ್ದು 1975ರ ಅದೇ ಗಡಿ. 1998ರ ಶಾಂತಿ ಒಪ್ಪಂದದ ನಂತರ ಅಲ್ಲಿ ಕಾವಲು ಗೋಪುರಗಳು ಕಣ್ಮರೆಯಾಗಿದ್ದವು. ಅವನ್ನು ಮತ್ತೆ ಎಬ್ಬಿಸಲು ಯಾರೂ ಸಿದ್ಧರಿರಲಿಲ್ಲ. ವರ್ಷಗಟ್ಟಲೆ ಜಗ್ಗಾಟದ ನಂತರ ಸರಕು ತಪಾಸಣೆಯನ್ನು ನೆಲದ ಗಡಿಯಿಂದ ಸಮುದ್ರದಂಚಿಗೆ ತಳ್ಳಲಾಯಿತು. 2021ರಿಂದ ಬ್ರಿಟನ್ನಿನದೇ ಸರಕು ಬ್ರಿಟನ್ನಿನದೇ ಬೆಲ್‌ಫಾಸ್ಟ್ ಬಂದರಿನಲ್ಲಿ ಇಳಿಯುವಾಗ ಕಾಗದಪತ್ರ ತೋರಿಸಬೇಕಾಯಿತು.