ಯಂತ್ರಕಲಿಕೆ ಮತ್ತು ಸ್ವಯಂಚಾಲನೆ: ಕಚೇರಿ ಯೋಜನೆಗಳಲ್ಲಿ ಜೋಡಿ ಬಳಕೆ

ಗೊತ್ತಾದ ನಿಯಮಗಳಂತೆ ಕಂಪ್ಯೂಟರ್ ತಾನೇ ನಡೆಸುವ ಕೆಲಸ ಸ್ವಯಂಚಾಲನೆ. ನಿಯಮ ಬರೆದು ಮುಗಿಸಲಾಗದ ಕಡೆ, ಸಾವಿರಾರು ಉದಾಹರಣೆಗಳನ್ನು ನೋಡಿ ಕಲಿತ ತಂತ್ರಾಂಶ ಉತ್ತರವನ್ನು ಅಂದಾಜು ಮಾಡುವುದು ಯಂತ್ರಕಲಿಕೆ. ಇಂದಿನ ಹಲವು ಯೋಜನೆಗಳಲ್ಲಿ ಎರಡೂ ಒಟ್ಟಿಗಿರುತ್ತವೆ. ಆದರೆ ಅವು ತಪ್ಪುವ ಬಗೆ ಬೇರೆ ಬೇರೆ.

ನಿಯಮವಷ್ಟೇ ಸಾಕಾದ ಕೆಲಸಕ್ಕೆ ಕರ್ನಾಟಕದ ‘ಭೂಮಿ’ ಯೋಜನೆ ಒಳ್ಳೆಯ ಉದಾಹರಣೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟುಪಾಡನ್ನು ತಂತ್ರಾಂಶವೇ ಕಾಯಿತು. ಇಲ್ಲಿ ಅಂದಾಜಿಗೆ ಎಡೆಯಿರಲಿಲ್ಲ, ಇರಲೂ ಬಾರದು. ಇಂಥ ಕೆಲಸಕ್ಕೆ ಯಂತ್ರಕಲಿಕೆಯನ್ನು ತುರುಕುವುದು ಅನಗತ್ಯ ಖರ್ಚು.

ಎರಡೂ ಕೂಡಿದ ಕೆಲಸ ಬೆಂಗಳೂರಿನ ರಸ್ತೆಯಲ್ಲೇ ಕಾಣುತ್ತದೆ. ನಗರ ಸಂಚಾರ ಪೊಲೀಸರು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ಐಟಿಎಂಎಸ್ (ಬುದ್ಧಿವಂತ ಸಂಚಾರ ನಿರ್ವಹಣೆ) ವ್ಯವಸ್ಥೆಯಡಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಮತ್ತು ಸಿಗ್ನಲ್ ಜಿಗಿತ ಹಿಡಿಯುವ 80 ಕ್ಯಾಮೆರಾಗಳಿದ್ದವು. ಯಲಹಂಕದ ಪುಟ್ಟೇನಹಳ್ಳಿಯಿಂದ ಹೆಬ್ಬಾಳ ದಾಟಿ ಕೆಲಸಕ್ಕೆ ಹೋಗುವ ಬೈಕ್ ಸವಾರ ನಗರದಲ್ಲಿ ಇಂಥ ಕ್ಯಾಮೆರಾದ ಕಣ್ಣಿಗೆ ಬಿದ್ದನೆನ್ನೋಣ. ತಲೆಯ ಮೇಲೆ ಹೆಲ್ಮೆಟ್ ಇದೆಯೇ, ಪ್ಲೇಟಿನ ಅಕ್ಷರ ಯಾವುದು ಎಂಬುದು ಯಂತ್ರಕಲಿಕೆಯ ಪಾಲು. ಆ ಸಂಖ್ಯೆಯ ಮಾಲೀಕರನ್ನು ದಾಖಲೆಯಲ್ಲಿ ಹುಡುಕಿ, ದಂಡದ ಮೊತ್ತ ಹಾಕಿ, ಮೊಬೈಲಿಗೆ ಎಸ್‌ಎಂಎಸ್ ಕಳಿಸುವುದು ಸ್ವಯಂಚಾಲನೆ. ಅದೇ ಡಿಸೆಂಬರ್ 1ರಂದು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ‘ಡಿಜಿಯಾತ್ರಾ’ದಲ್ಲೂ ಇದೇ ಜೋಡಣೆ: ಮುಖ ಹೊಂದಿಸುವುದು ಒಂದು, ಗೇಟು ತೆರೆಯುವುದು ಇನ್ನೊಂದು.

ಅಪಾಯವಿರುವುದು ಈ ಎರಡರ ನಡುವಿನ ಕೊಂಡಿಯಲ್ಲಿ. ಕಪ್ಪು ಅಂಗಿಯ ಮೇಲಿನ ಕಪ್ಪು ಸೀಟ್‌ಬೆಲ್ಟ್ ಕ್ಯಾಮೆರಾಕ್ಕೆ ಕಾಣದೇ ಹೋಗಬಹುದು; ಮಣ್ಣು ಮೆತ್ತಿದ ಪ್ಲೇಟಿನಲ್ಲಿ 8 ಎಂಬುದು ಬಿ ಆಗಬಹುದು. ಕಲಿತ ತಂತ್ರಾಂಶ ಪ್ರತಿ ಉತ್ತರದ ಜೊತೆ ಅದು ಎಷ್ಟು ಖಚಿತವೆಂಬ ಅಂಕವನ್ನೂ ಕೊಡಬಲ್ಲದು. ಮುಂದಿನ ಸ್ವಯಂಚಾಲನೆ ಆ ಅಂಕವನ್ನು ನೋಡದಿದ್ದರೆ ಅನುಮಾನವೂ ತೀರ್ಪಾಗಿ ಹೊರಬೀಳುತ್ತದೆ, ದಂಡ ತೆರುವವರು ತಪ್ಪು ಮಾಡದವರು. ಹಾಗಾಗಿ ಅಂಕ ಎಷ್ಟಕ್ಕಿಂತ ಕಡಿಮೆಯಾದರೆ ಚಿತ್ರ ಸಿಬ್ಬಂದಿಯ ಮೇಜಿಗೆ ಬರಬೇಕು ಎಂಬುದೇ ಇಂಥ ಯೋಜನೆಯ ಅತಿ ಮುಖ್ಯ ನಿರ್ಧಾರ. ಅದನ್ನು ತಂತ್ರಾಂಶ ಬರೆಯುವವರಿಗೆ ಮಾತ್ರ ಬಿಡುವುದು ಸರಿಯಲ್ಲ; ದಿನವೂ ದೂರು ಕೇಳುವ ಸಿಬ್ಬಂದಿಯೂ ಜೊತೆಗಿರಬೇಕು.

ಕಾನೂನು ಈ ಎಚ್ಚರವನ್ನು ಸ್ವಲ್ಪಮಟ್ಟಿಗೆ ವಹಿಸಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ, ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು, ಚಲನ್ ಜೊತೆ ಫೋಟೊ ಸಾಕ್ಷ್ಯ ಇರಬೇಕು. ಆ ಫೋಟೊ ನೋಡಿಯೇ ಸವಾರ ತಕರಾರು ಹೂಡಬಲ್ಲ. ತಪ್ಪೆಂದು ತೀರ್ಮಾನವಾದ ಚಿತ್ರಗಳು ಮತ್ತೆ ಕಲಿಕೆಯ ಉದಾಹರಣೆಗಳಲ್ಲಿ ಸೇರಿದರೆ ಅಂಥ ತಪ್ಪುಗಳು ಕಡಿಮೆಯಾಗುತ್ತವೆ. ಅದಕ್ಕೆ ಬೇಕಾದ ಜನ ಮತ್ತು ಸಮಯವನ್ನು ಯೋಜನೆಯ ಮೊದಲ ಅಂದಾಜುಪಟ್ಟಿಯಲ್ಲೇ ಬರೆದಿಡಬೇಕು.