ಮಾಸಾಶನ

ಮಾಸ, ಅಶನ ಎಂಬ ಎರಡು ಸಂಸ್ಕೃತ ಪದಗಳು ಕೂಡಿ ಆದದ್ದು. ಅಶನವೆಂದರೆ ಊಟ; ಮಾಸಾಶನವೆಂದರೆ ತಿಂಗಳ ಊಟ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಕಡತದಲ್ಲಿ ‘ಅಂಗವಿಕಲರ ಮಾಸಾಶನ’ ಎಂದಿದ್ದರೂ ನಾಡಕಚೇರಿ ಎದುರು ಕೇಳಿಸುವುದು ‘ಪಿಂಚಣಿ ಬಂತಾ?’ ಎಂದೇ. 2021ರ ಏರಿಕೆಯ ನಂತರ ಶೇ 40ರಿಂದ 75ರಷ್ಟು ಅಂಗವೈಕಲ್ಯಕ್ಕೆ 800 ರೂಪಾಯಿ, ಮೇಲ್ಪಟ್ಟರೆ 1,400. ತಿಂಗಳಿಡೀ ಉಣ್ಣಲು ಇಷ್ಟು ಸಾಕೇ, ಹೇಳಿ! ಅರ್ಜಿಗೆ ಅಂಗವೈಕಲ್ಯದ ಕಾರ್ಡು, ಆದಾಯ ಪ್ರಮಾಣಪತ್ರ, ವಾಸದ ದಾಖಲೆ ಬೇಕು. ವಲಸಿಗರಿಗೆ ಈ ಕೊನೆಯದೇ ತೊಡಕು: ಹೊರರಾಜ್ಯದಿಂದ ಬೋಟಿನ ಕೆಲಸಕ್ಕೆ ಬಂದು ಕೈ ಕಳೆದುಕೊಂಡವನ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುತ್ತದೆ. ಇದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕಥೆ ಬೇರೆ. ಸರ್ಕಾರಿ ಯೋಜನೆಗಳನ್ನು ಅವರಿಗೂ ವಿಸ್ತರಿಸುವಂತೆ 2014ರ ಟಿಬೆಟನ್ ಪುನರ್ವಸತಿ ನೀತಿ ರಾಜ್ಯಗಳಿಗೆ ಸೂಚಿಸಿದೆ.